ಡಬ್ಬಿಯಲ್ಲಿ ತಿಳಿಯಾಗಿದ್ದ ಬ್ರೇಕ್ ಆಯಿಲ್ ನಂಬಿ ಟ್ರ್ಯಾಕ್‌ಗೆ ಇಳಿದೆ

ನಾಲ್ಕನೇ ಲ್ಯಾಪ್. ಉದ್ದದ ಸ್ಟ್ರೇಟ್ ಮುಗಿಯುವ ಕಡೆ ಬ್ರೇಕ್ ಒತ್ತಿದೆ. ಪೆಡಲ್ ಸೀದಾ ಮ್ಯಾಟ್‌ವರೆಗೂ ಹೋಗಿ ಕೂತಿತು. ಪಟಪಟ ಅಂತ ಮೂರು ಸಲ ಒತ್ತಿದ ಮೇಲೆ ಸ್ವಲ್ಪ ಹಿಡಿಯಿತು, ಗೇರ್ ಇಳಿಸಿದೆ, ಅಷ್ಟರಲ್ಲಿ ತಿರುವು ಕೈತಪ್ಪಿತ್ತು. ಕಾರು ಜಲ್ಲಿಯೊಳಗೆ ಹೂತುಕೊಂಡು ನಿಂತಿತು. ಬಂಪರ್ ಅಡಿಭಾಗ ಕಿತ್ತುಬಂತು. ನನಗೆ ಏನೂ ಆಗಲಿಲ್ಲ, ಆದರೆ ಕೈ ನಡುಕ ನಿಲ್ಲೋಕೆ ಅರ್ಧ ಗಂಟೆ ಬೇಕಾಯಿತು.

ಬೇಸರ ಏನಂದ್ರೆ, ಹಿಂದಿನ ವಾರವಷ್ಟೇ ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿ ಅಂತ ಕಾರನ್ನು ಗ್ಯಾರೇಜಿಗೆ ಕೊಟ್ಟಿದ್ದೆ. ಬಿಲ್ಲಿನಲ್ಲೂ ಹಾಗೇ ಇತ್ತು. ಬಾನೆಟ್ ಎತ್ತಿ ನೋಡಿದ್ದೆ, ಬ್ರೇಕ್ ಆಯಿಲ್ ತುಂಬುವ ಡಬ್ಬಿಯಲ್ಲಿ ತಿಳಿಯಾದ ಹೊಸ ಆಯಿಲ್. ಸರಿ ಅಂದುಕೊಂಡೆ. ಎಡವಿದ್ದು ಅಲ್ಲೇ.

ಕಾರು ತಣ್ಣಗಾದ ಮೇಲೆ ಮುಂದಿನ ಕ್ಯಾಲಿಪರ್‌ನ (ಚಕ್ರದ ಡಿಸ್ಕ್‌ಗೆ ಬ್ರೇಕ್ ಪ್ಯಾಡ್ ಒತ್ತುವ ಭಾಗ) ಬ್ಲೀಡ್ ನಿಪ್ಪಲ್‌ಗೆ, ಅಂದರೆ ಹಳೆ ಆಯಿಲ್ ಹೊರಬಿಡುವ ತಿರುಪಿಗೆ, ಸಣ್ಣ ಟ್ಯೂಬ್ ಸಿಕ್ಕಿಸಿ ಸಡಿಲಿಸಿದೆವು. ಬಂದದ್ದು ಕಪ್ಪು ಕಷಾಯ! ಹಿಂದಿನ ಚಕ್ರದಲ್ಲೂ ಅದೇ ಕತೆ. ಡಬ್ಬಿಯಲ್ಲಿದ್ದದ್ದನ್ನು ಹೀರಿ ತೆಗೆದು ಹೊಸದು ಸುರಿದಿದ್ದರು, ಅಷ್ಟೇ. ಬ್ರೇಕ್ ಆಯಿಲ್ ಇಂಜಿನ್ ಆಯಿಲ್ ಥರ ಸುತ್ತು ಹೊಡೆಯೋದಿಲ್ಲ. ಮೇಲೆ ಹಾಕಿದ ಹೊಸದು ಹೆಚ್ಚುಕಮ್ಮಿ ಮೇಲೇ ಉಳಿಯುತ್ತೆ. ಕೆಂಡದಂತೆ ಕಾಯುವ ಕ್ಯಾಲಿಪರ್‌ನಲ್ಲಿ ಇರೋದು ಹಳೆಯದೇ.

ಈ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತೆ. ಡಾಟ್ 4 ಅನ್ನೋದು ಬ್ರೇಕ್ ಆಯಿಲ್‌ನ ಒಂದು ದರ್ಜೆ; ಹೊಸದಾಗಿದ್ದಾಗ ಅದು ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು ಅನ್ನೋದು ನಿಯಮ. ಅದರಲ್ಲಿ 3.7% ನೀರು ಸೇರಿದಾಗ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತೆ. ಕುದಿದು ಆವಿಯ ಗುಳ್ಳೆ ಎದ್ದರೆ, ನೀವು ಒತ್ತಿದ್ದೆಲ್ಲ ಆ ಗುಳ್ಳೆ ಅಮುಕೋದಕ್ಕೇ ಹೋಗುತ್ತೆ, ಪ್ಯಾಡ್‌ಗೆ ತಲುಪಲ್ಲ. ದಿನನಿತ್ಯದ ಓಡಾಟದಲ್ಲಿ ಇದು ಗೊತ್ತೇ ಆಗದಿರಬಹುದು.

ಮೂರನೇ ಲ್ಯಾಪ್‌ನಲ್ಲೇ ಪೆಡಲ್ ಕೊಂಚ ಮೆತ್ತಗಾಗಿತ್ತು. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಮೇಲೆ ಅನುಮಾನ ಪಡಬೇಕು, ಮೆತ್ತಗಾದರೆ ಆಯಿಲ್ ಮೇಲೆ. ಇದು ನನಗೆ ಗೊತ್ತಿತ್ತು. ಆದರೂ ಇನ್ನೊಂದೇ ಲ್ಯಾಪ್ ಅಂತ ಹೋದೆ. ಆ ತಪ್ಪು ಮಾತ್ರ ಗ್ಯಾರೇಜಿನವರದ್ದಲ್ಲ.

ಈಗ ಬ್ಲೀಡ್ ಮಾಡಿಸುವಾಗ ಪಕ್ಕದಲ್ಲೇ ನಿಲ್ಲುತ್ತೇನೆ. ನಾಲ್ಕೂ ಚಕ್ರದಲ್ಲಿ ಹೊಸ ಬಣ್ಣ ಬರುವವರೆಗೂ ಟ್ಯೂಬ್ ನೋಡುತ್ತೇನೆ. ಸೀಲ್ ಒಡೆಯದ ಬಾಟಲಿಯೇ ಬೇಕು. ಶೆಲ್ಫಿನಲ್ಲಿ ತಿಂಗಳುಗಟ್ಟಲೆ ಕೂತ ಅರ್ಧ ಬಾಟಲಿ ಬೇಡ. ಹೆಸರು ಹತ್ತಿರ ಇದೆ ಅಂತ ಡಾಟ್ 5.1 ಬದಲು ಡಾಟ್ 5 ತಂದುಬಿಡಬೇಡಿ, ಅದು ಸಿಲಿಕೋನ್‌ನದು, ಡಾಟ್ 4 ಅಥವಾ 5.1ರ ಜೊತೆ ಬೆರೆಸುವಂತಿಲ್ಲ. ಸೆಷನ್ ಮುಗಿಯುವಾಗ ಒಂದು ಲ್ಯಾಪ್ ಬ್ರೇಕ್ ಆದಷ್ಟು ಮುಟ್ಟದೆ ನಿಧಾನಕ್ಕೆ ಸುತ್ತಿ. ಪಿಟ್‌ನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ, ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಡಿ.

ಬಿಲ್ಲು ಹಿಡಿದು ಆ ಗ್ಯಾರೇಜಿಗೆ ಹೋಗಿದ್ದೆ. "ಎಲ್ಲಾ ಕಾರಿಗೂ ಹೀಗೇ ಮಾಡೋದು ಸಾರ್, ಇಲ್ಲೀವರೆಗೆ ಯಾರೂ ಕಂಪ್ಲೇಂಟ್ ಮಾಡಿಲ್ಲ" ಅಂದರು.