ಪ್ರೆಸ್ಸಿನ ಆರು ಡೆಸ್ಕ್‌ಟಾಪ್, ಒಂದು ಸರ್ವರ್, ಮತ್ತು ರೆಸ್ಟಿಕ್: ಎರಡು ವರ್ಷ ಬಳಸಿದ ಮೇಲೆ

ಶಿವಮೊಗ್ಗದಲ್ಲಿ ಪರಿಚಯದವರದ್ದೊಂದು ಪ್ರೆಸ್ಸಿದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಸೊಸೈಟಿಗಳ ವಾರ್ಷಿಕ ವರದಿ, ಇಂಥ ಕೆಲಸ. ಅಲ್ಲಿನ ಕಂಪ್ಯೂಟರ್‌ಗಳ ಉಸ್ತುವಾರಿ ಹೇಗೋ ನನ್ನ ತಲೆಗೆ ಬಂದಿದೆ. ಆರು ವಿಂಡೋಸ್ ಡೆಸ್ಕ್‌ಟಾಪ್, ಒಂದು ಡೆಬಿಯನ್ ಲಿನಕ್ಸ್ ಸರ್ವರ್, ಒಟ್ಟು ಸುಮಾರು 400 ಜಿಬಿ ಫೈಲು. ಮೊದಲು ಬ್ಯಾಕಪ್ ಅಂದರೆ ಸರ್ವರ್‌ಗೆ ಸದಾ ಚುಚ್ಚಿಯೇ ಇಟ್ಟಿದ್ದ ಒಂದು ಯುಎಸ್‌ಬಿ ಹಾರ್ಡ್‌ಡಿಸ್ಕು, ಅಷ್ಟೆ. ಒಂದು ದಿನ ಯಾರೋ ಇಮೇಲ್‌ನಲ್ಲಿ ಬಂದ ಬಿಲ್ ಅಂತ ಏನನ್ನೋ ತೆರೆದರು. ಮಧ್ಯಾಹ್ನ ಊಟದ ಹೊತ್ತಿಗೆ ಶೇರ್ ಫೋಲ್ಡರ್‌ನ ಎಲ್ಲ ಫೈಲಿನ ಹೆಸರಿಗೂ ವಿಚಿತ್ರ ಬಾಲ ಬಂದು ಯಾವುದೂ ತೆರೆಯದಂತಾಗಿತ್ತು. ಆ ಯುಎಸ್‌ಬಿ ಡಿಸ್ಕನ್ನೂ ನಾನೇ ಶೇರ್ ಮಾಡಿದ್ದೆ, ಅದರ ಗತಿಯೂ ಅದೇ ಆಯಿತು. ಹಳೇ ಪೆನ್‌ಡ್ರೈವ್‌ಗಳು, ಗಿರಾಕಿಗಳಿಗೆ ಕಳಿಸಿದ ವಾಟ್ಸಾಪ್ ಪಿಡಿಎಫ್‌ಗಳು, ಇವನ್ನೆಲ್ಲ ಜಾಲಾಡಿ ಸಿಕ್ಕಷ್ಟು ಸೇರಿಸಿದೆವು. ಸಿಗದೇ ಇದ್ದದ್ದೇ ಜಾಸ್ತಿ.

ಅದಾದ ಮೇಲೆ ಹುಡುಕಿ ಹಾಕಿಕೊಂಡದ್ದು ರೆಸ್ಟಿಕ್ ಅನ್ನುವ ಬ್ಯಾಕಪ್ ಪ್ರೋಗ್ರಾಮು. ಉಚಿತ, ಓಪನ್ ಸೋರ್ಸ್, ಗೋ ಭಾಷೆಯಲ್ಲಿ ಬರೆದದ್ದು. ಇನ್‌ಸ್ಟಾಲ್ ಮಾಡುವುದಕ್ಕೇ ಏನೂ ಇಲ್ಲ, ಒಂದೇ ಒಂದು ಫೈಲು ಇಳಿಸಿಕೊಂಡು ಓಡಿಸಿದರೆ ಆಯಿತು. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಆಜ್ಞೆಗಳು ಅವೇ. ನನಗೆ ಬೇಕಿದ್ದದ್ದೂ ಅದೇ. ಬೋರ್ಗ್ ಅನ್ನುವ ಇನ್ನೊಂದು ಬ್ಯಾಕಪ್ ಪ್ರೋಗ್ರಾಮು ಕೂಡ ಚೆನ್ನಾಗಿದೆ ಅಂತ ಕೇಳಿದ್ದೆ, ಆದರೆ ಅದು ವಿಂಡೋಸ್‌ನಲ್ಲಿ ನೇರವಾಗಿ ಓಡುವುದಿಲ್ಲ. ಆರು ವಿಂಡೋಸ್ ಇಟ್ಟುಕೊಂಡು ನಾನೇನು ಮಾಡಲಿ?

ಬೀಗದ ವಿಷಯಕ್ಕೆ ಬರುತ್ತೇನೆ. ರೆಸ್ಟಿಕ್‌ನಲ್ಲಿ ಎನ್‌ಕ್ರಿಪ್ಷನ್ ಬೇಕೋ ಬೇಡವೋ ಅಂತ ಯಾರೂ ಕೇಳುವುದಿಲ್ಲ, ಅದು ಯಾವಾಗಲೂ ಇರುತ್ತದೆ. ಫೈಲಿನ ಒಳಗಿನದ್ದಷ್ಟೇ ಅಲ್ಲ, ಫೈಲಿನ ಹೆಸರು, ಫೋಲ್ಡರ್ ಹೆಸರು ಕೂಡ ನಿಮ್ಮ ಕಂಪ್ಯೂಟರ್‌ನಲ್ಲೇ ಎಇಎಸ್-256 ಅನ್ನುವ ಗೂಢಲಿಪಿ ವಿಧಾನದಿಂದ ಬೀಗ ಹಾಕಿಸಿಕೊಂಡೇ ಹೊರಗೆ ಹೋಗುತ್ತವೆ. ಆ ಕಡೆ ಇಟ್ಟುಕೊಂಡವನಿಗೆ ಕಾಣುವುದು ಅರ್ಥವಿಲ್ಲದ ಉದ್ದುದ್ದ ಹೆಸರಿನ ತುಂಡುಗಳು ಮಾತ್ರ. ಸಹಕಾರ ಸಂಘದ ಸದಸ್ಯರ ಪಟ್ಟಿ ಅಚ್ಚಿಗೆ ಬರುವ ಜಾಗದಲ್ಲಿ ಇದು ಸಣ್ಣ ಮಾತಲ್ಲ. ಇದರ ಇನ್ನೊಂದು ಮುಖ ಏನಪ್ಪಾ ಅಂದರೆ, ಪಾಸ್‌ವರ್ಡ್ ಮರೆತರೆ ಮುಗಿಯಿತು. ಓಟಿಪಿ ಇಲ್ಲ, ಕಸ್ಟಮರ್ ಕೇರ್ ಇಲ್ಲ, ರೆಸ್ಟಿಕ್ ಬರೆದವರೇ ಬಂದರೂ ತೆಗೆಯಲಾರರು. ಅದಕ್ಕೇ ಪಾಸ್‌ವರ್ಡನ್ನು ದಪ್ಪ ಕಾಗದದ ಮೇಲೆ ಬರೆದು ಓನರ್ ಕೈಗೆ ಕೊಟ್ಟೆ. "ಇದನ್ನ ನಾನಿಟ್ಕೊಂಡ್ರೆ ಕಳ್ದುಹೋಗುತ್ತೆ ಮಾರಾಯ" ಅಂತ ಅವರು ಮನೆಯವರಿಗೆ ದಾಟಿಸಿದರು. ಈಗ ಅದು ಅವರ ಬೀರುವಿನಲ್ಲಿ ಒಡವೆ ಡಬ್ಬಿಯ ಕೆಳಗಿದೆ. ಒಂದೇ ರೆಪಾಸಿಟರಿಗೆ, ಅಂದರೆ ಬ್ಯಾಕಪ್ ಹೋಗಿ ಸೇರುವ ಉಗ್ರಾಣಕ್ಕೆ, ಒಂದಕ್ಕಿಂತ ಹೆಚ್ಚು ಪಾಸ್‌ವರ್ಡ್ ಕೊಡಬಹುದು. ಹಾಗಾಗಿ ನನ್ನದು ಬೇರೆ, ಬೀರುವಿನದು ಬೇರೆ.

ಇದು ಕೆಲಸ ಮಾಡುವ ರೀತಿ ನನಗೆ ತುಂಬಾ ಹಿಡಿಸಿತು. ಪ್ರತಿ ಫೈಲನ್ನೂ ಸರಾಸರಿ ಒಂದು ಎಂಬಿಯ ತುಂಡುಗಳಾಗಿ ಕತ್ತರಿಸುತ್ತದೆ. ಆಗಲೇ ಕಳಿಸಿರುವ ತುಂಡಾದರೆ ಮತ್ತೆ ಕಳಿಸುವುದಿಲ್ಲ. ಡಿಟಿಪಿಯವರ ಫೋಲ್ಡರ್ ನೋಡಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಒಂದೇ ಲಗ್ನಪತ್ರಿಕೆ 'ಫೈನಲ್', 'ಫೈನಲ್ 2', 'ಫೈನಲ್ ಮಾವ ಹೇಳಿದ್ದು', 'ಪ್ರಿಂಟ್‌ಗೆ ಇದೇ' ಅಂತ ನಾಲ್ಕು ಕಡೆ ಇರುತ್ತದೆ. ಅವುಗಳಲ್ಲಿ ಒಂದೇ ತರಹದ ಫೋಟೋ, ಫಾಂಟು ಎಲ್ಲ ಒಂದೇ ಸಲ ಹೋಗುತ್ತವೆ. ಒಂದು ಮೆಷಿನ್‌ನಿಂದ ಇನ್ನೊಂದಕ್ಕೆ ಕಾಪಿ ಮಾಡಿಕೊಂಡಿದ್ದರೂ ಅಷ್ಟೆ, ರೆಪಾಸಿಟರಿ ಒಂದೇ ಆಗಿರಬೇಕು. ಆದರೆ ಡಿಸೈನ್ ಮಾಡುವ ಕೋರೆಲ್‌ಡ್ರಾದ ಹೊಸ ಆವೃತ್ತಿಗಳ ಫೈಲು ಒಳಗಡೆ ಜಿಪ್ ಆಗಿಯೇ ಇರುವುದರಿಂದ, ಒಂದು ಹೆಸರು ತಿದ್ದಿ ಸೇವ್ ಮಾಡಿದರೂ ಅಲ್ಲಿ ಉಳಿತಾಯ ಕಡಿಮೆ. 2022ರಲ್ಲಿ ಬಂದ 0.14 ಆವೃತ್ತಿಯಿಂದ ರೆಸ್ಟಿಕ್ ತಾನೇ ಕಂಪ್ರೆಸ್ ಕೂಡ ಮಾಡುತ್ತದೆ. ಹಾಗಾಗಿ ಸರ್ವರ್‌ನ ಡೇಟಾಬೇಸ್ ಡಂಪನ್ನು (ಡೇಟಾಬೇಸಿನ ಪೂರ್ತಿ ನಕಲಿನ ಫೈಲು) ನೀವು ಮೊದಲೇ ಜಿಪ್ ಮಾಡಿ ಕೊಡಬೇಡಿ. ಜಿಪ್ ಮಾಡಿದರೆ ನಿನ್ನೆಯ ಡಂಪಿಗೂ ಇವತ್ತಿನದಕ್ಕೂ ಸಂಬಂಧವೇ ಇಲ್ಲದಂತಾಗಿ ಪೂರ್ತಿ ಫೈಲು ದಿನಾ ಹೋಗುತ್ತದೆ. ಹಾಗೇ ಬಿಟ್ಟರೆ ಬದಲಾದಷ್ಟೇ ಹೋಗುತ್ತದೆ. ನಾನು ಇದನ್ನು ಒಂದು ತಿಂಗಳು ತಪ್ಪು ಮಾಡಿ ಕಲಿತೆ.

ಬ್ಯಾಕಪ್ ಹೋಗುವ ಜಾಗ ಎರಡು. ಒಂದು ನಮ್ಮ ಮನೆಯಲ್ಲಿರುವ ಹಳೇ ಪಿಸಿ, ಅದರಲ್ಲಿ ರೆಸ್ಟ್ ಸರ್ವರ್ ಓಡುತ್ತದೆ. ಬೇರೆ ಮೆಷಿನ್‌ಗಳು ಕಳಿಸುವ ಬ್ಯಾಕಪ್ಪನ್ನು ತೆಗೆದುಕೊಂಡು ಇಟ್ಟುಕೊಳ್ಳುವ, ರೆಸ್ಟಿಕ್‌ನವರದ್ದೇ ಪ್ರೋಗ್ರಾಮು ಅದು. ಇನ್ನೊಂದು ದುಡ್ಡು ಕೊಟ್ಟ ಕ್ಲೌಡ್ ಜಾಗ, ವಾರಕ್ಕೊಮ್ಮೆ ಮಾತ್ರ. ರೆಸ್ಟ್ ಸರ್ವರ್‌ನಲ್ಲಿ 'ಅಪೆಂಡ್ ಓನ್ಲಿ' ಅಂತ ಒಂದು ಸ್ವಿಚ್ಚಿದೆ. ಅದನ್ನು ಹಾಕಿದರೆ ಪ್ರೆಸ್ಸಿನ ಮೆಷಿನ್‌ಗಳು ಹೊಸದನ್ನು ಸೇರಿಸಬಹುದು, ಹಳೆಯದನ್ನು ಅಳಿಸಲಾರವು. ಮತ್ತೆ ಅಂಥದ್ದೇ ವೈರಸ್ ಬಂದು ಡೆಸ್ಕ್‌ಟಾಪ್‌ನಲ್ಲಿ ಪಾಸ್‌ವರ್ಡ್ ಸಮೇತ ಎಲ್ಲ ಕದ್ದರೂ ನಿನ್ನೆವರೆಗಿನ ಬ್ಯಾಕಪ್ ಅಳಿಸಲು ಅದಕ್ಕೆ ದಾರಿ ಇಲ್ಲ. ಆ ಯುಎಸ್‌ಬಿ ಡಿಸ್ಕಿನ ಕಥೆ ಆದಮೇಲೆ ನನಗೆ ಬೇಕಿದ್ದದ್ದು ಇದೊಂದೇ. ಆದರೆ ಓದುವುದಕ್ಕೆ ತಡೆಯಿಲ್ಲ, ಪಾಸ್‌ವರ್ಡ್ ಇರುವವರು ಆ ರೆಪಾಸಿಟರಿಯಲ್ಲಿರುವ ಎಲ್ಲವನ್ನೂ ಓದಬಹುದು. ಅದಕ್ಕೇ ಲೆಕ್ಕಪತ್ರದ ಮೆಷಿನ್‌ಗೆ ಬೇರೆ ರೆಪಾಸಿಟರಿ ಮಾಡಿದೆ. ಅಷ್ಟು ಜಾಗ ಹೆಚ್ಚು ಹೋದರೂ ಪರವಾಗಿಲ್ಲ.

ಮೊದಲ ಸಲದ ಬ್ಯಾಕಪ್ ಮಾತ್ರ ಪ್ರಾಣ ತಿಂದಿತು. ಪ್ರೆಸ್ಸಿನ ಅಪ್‌ಲೋಡ್ ವೇಗ 20 ಎಂಬಿಪಿಎಸ್. ಲೆಕ್ಕದ ಪ್ರಕಾರವೇ 400 ಜಿಬಿಗೆ 44 ಗಂಟೆ ಬೇಕು, ಅದೂ ನೆಟ್ಟು ಕರೆಂಟು ಎರಡೂ ಇದ್ದರೆ. ಜುಲೈ ತಿಂಗಳ ಮಲೆನಾಡಿನ ಮಳೆಯಲ್ಲಿ ಈ ಕೆಲಸ ಶುರು ಮಾಡಿದ್ದು ನನ್ನದೇ ಬುದ್ಧಿವಂತಿಕೆ. ಕರೆಂಟು ಹೋಗುವುದು, ಬರುವುದು, ಯುಪಿಎಸ್ ಕೂಗಿಕೊಳ್ಳುವುದು. ಒಳ್ಳೆಯದು ಏನೆಂದರೆ ನಡುವೆ ನಿಂತರೂ ಆಗಲೇ ಹೋದದ್ದನ್ನು ಬಹುಪಾಲು ಮತ್ತೆ ಕಳಿಸಲಿಲ್ಲ, ನಿಂತಲ್ಲಿಂದಲೇ ಮುಂದುವರಿಯಿತು. ಐದು ರಾತ್ರಿ ಹಿಡಿಯಿತು. ಈಗ ದಿನಕ್ಕೆ ಒಂದೊಂದು ಮೆಷಿನ್‌ಗೆ ಕೆಲವೇ ನಿಮಿಷ.

ಇನ್ನು ದೂರು. ರೆಸ್ಟಿಕ್‌ಗೆ ಕಿಟಕಿ, ಬಟನ್ನು ಏನೂ ಇಲ್ಲ. ಎಲ್ಲ ಕರಿ ಪರದೆಯಲ್ಲಿ ಆಜ್ಞೆ ಟೈಪ್ ಮಾಡುವುದೇ. ಬ್ಯಾಕ್‌ರೆಸ್ಟ್ ಅಂತ ಬೇರೆಯವರು ಮಾಡಿದ ವೆಬ್ ಪುಟ ಇದೆ, ಹಾಕಿಕೊಳ್ಳಬಹುದು. ಇಷ್ಟು ಗಂಟೆಗೆ ಓಡು ಅಂತ ಹೇಳುವ ವ್ಯವಸ್ಥೆಯೂ ರೆಸ್ಟಿಕ್‌ನೊಳಗಿಲ್ಲ. ಲಿನಕ್ಸ್‌ನಲ್ಲಿ ಸಿಸ್ಟಮ್‌ಡಿ ಟೈಮರ್, ವಿಂಡೋಸ್‌ನಲ್ಲಿ ಟಾಸ್ಕ್ ಶೆಡ್ಯೂಲರ್, ಅದೆಲ್ಲ ನಮ್ಮ ಜವಾಬ್ದಾರಿ. ನಾನು ಎಡವಿದ್ದೂ ಅಲ್ಲೇ.

ವಿಂಡೋಸ್‌ನಲ್ಲಿ ತೆರೆದೇ ಇರುವ ಫೈಲುಗಳನ್ನೂ ಹಿಡಿಯಬೇಕು ಅಂದರೆ 'ಯೂಸ್ ಎಫ್‌ಎಸ್ ಸ್ನ್ಯಾಪ್‌ಶಾಟ್' ಅನ್ನುವ ಆಯ್ಕೆ ಹಾಕಬೇಕು. ಅದಕ್ಕೆ ಅಡ್ಮಿನ್ ಅಧಿಕಾರ ಬೇಕು. ಸರಿ, ಟಾಸ್ಕನ್ನು ವಿಂಡೋಸ್‌ನದ್ದೇ ಆದ ಸಿಸ್ಟಮ್ ಅಕೌಂಟಿನಲ್ಲಿ ಓಡಿಸಿದೆ. ಕೈಯಿಂದ ಓಡಿಸಿ ನೋಡಿದಾಗ ಚೆನ್ನಾಗಿತ್ತು, ನೆಮ್ಮದಿಯಿಂದ ಮನೆಗೆ ಬಂದೆ. ಹನ್ನೊಂದು ದಿನ ಆದಮೇಲೆ ಸುಮ್ನೆ ಸ್ನ್ಯಾಪ್‌ಶಾಟ್ ಪಟ್ಟಿ (ರೆಸ್ಟಿಕ್‌ನಲ್ಲಿ ಒಂದೊಂದು ಸಲದ ಬ್ಯಾಕಪ್ಪಿಗೆ ಈ ಹೆಸರು) ತೆಗೆದು ನೋಡಿದರೆ ಮೂರನೇ ಮೆಷಿನ್ನಿನದ್ದು ನಾನು ಕೈಯಿಂದ ಓಡಿಸಿದ್ದು ಬಿಟ್ಟರೆ ಒಂದೂ ಇಲ್ಲ! ಆಗಿದ್ದೇನು ಅಂದರೆ, ಆ ಮೆಷಿನ್ನಿನ ಬ್ಯಾಕಪ್ ಓಡಿಸುವ ಸ್ಕ್ರಿಪ್ಟನ್ನೂ ಪಾಸ್‌ವರ್ಡ್ ಫೈಲನ್ನೂ ನಾನು ಝಡ್ ಡ್ರೈವ್‌ನಲ್ಲಿ, ಅಂದರೆ ಸರ್ವರ್‌ನ ಶೇರ್ ಫೋಲ್ಡರ್‌ನಲ್ಲಿ ಇಟ್ಟಿದ್ದೆ. ಆ ಝಡ್ ಡ್ರೈವ್ ಇರುವುದು ಲಾಗಿನ್ ಆದ ಮನುಷ್ಯನಿಗೆ ಮಾತ್ರ. ಸಿಸ್ಟಮ್ ಅಕೌಂಟಿಗೆ ಅಂಥದ್ದೊಂದು ಡ್ರೈವ್ ಇದೆ ಅನ್ನುವುದೇ ಗೊತ್ತಿಲ್ಲ. ಕೆಟ್ಟರೆ ಮೇಲ್ ಕಳಿಸು ಅಂತ ಬರೆದಿದ್ದ ಸಾಲೂ ಅದೇ ಸ್ಕ್ರಿಪ್ಟಿನೊಳಗೆ, ಸ್ಕ್ರಿಪ್ಟೇ ಶುರುವಾಗಿಲ್ಲ, ಇನ್ನು ಮೇಲ್ ಎಲ್ಲಿಂದ ಬರಬೇಕು? ಅಷ್ಟು ಗುಟ್ಟಿನ ಪಾಸ್‌ವರ್ಡನ್ನು ಎಲ್ಲರೂ ನೋಡುವ ಶೇರ್‌ನಲ್ಲಿ ಇಟ್ಟಿದ್ದೆ ಅನ್ನುವುದೂ ಆಗಲೇ ಹೊಳೆದದ್ದು. ಬೈಯುವವರು ಬೈಯಬಹುದು. ಈಗ ಎಲ್ಲ ಸಿ ಡ್ರೈವ್‌ನಲ್ಲಿ, ಅಡ್ಮಿನ್‌ಗೆ ಮಾತ್ರ ಕಾಣುವ ಹಾಗೆ. ನಮ್ಮ ಮನೆಯ ಪಿಸಿ ದಿನಾ ಬೆಳಗ್ಗೆ ಪ್ರತಿ ಮೆಷಿನ್ನಿನ ಕೊನೆಯ ಸ್ನ್ಯಾಪ್‌ಶಾಟ್ ದಿನಾಂಕ ನೋಡಿ ಎರಡು ದಿನಕ್ಕಿಂತ ಹಳೆಯದಿದ್ದರೆ ನನ್ನ ಫೋನಿಗೆ ಹೇಳುತ್ತದೆ.

ಹಳೆಯದನ್ನು ತೆಗೆದುಹಾಕುವುದು ಎರಡು ಹೆಜ್ಜೆಯ ಕೆಲಸ. 'ಫರ್ಗೆಟ್' ಅಂದರೆ ಪಟ್ಟಿಯಿಂದ ಬಿಡುವುದು, 'ಪ್ರೂನ್' ಅಂದರೆ ನಿಜಕ್ಕೂ ಜಾಗ ಖಾಲಿ ಮಾಡುವುದು. ಮೊದಲನೆಯದನ್ನು ಮಾತ್ರ ಮಾಡಿ ಡಿಸ್ಕ್ ಯಾಕೆ ತುಂಬಿದೆ ಅಂತ ತಲೆ ಕೆರೆದುಕೊಳ್ಳುವವರು ಬಹಳ ಜನ. ಪ್ರೂನ್ ನಡೆಯುವಾಗ ರೆಪಾಸಿಟರಿಗೆ ಪೂರ್ತಿ ಲಾಕ್ ಬೀಳುತ್ತದೆ. ಒಮ್ಮೆ ಸರಿಯಾಗಿ ಆ ಹೊತ್ತಿಗೆ ನಮ್ಮ ಮನೆ ಕರೆಂಟು ಹೋಗಿ ಲಾಕ್ ಹಾಗೇ ಉಳಿದು ಮರುದಿನ ಯಾವ ಮೆಷಿನ್ನಿನ ಬ್ಯಾಕಪ್ಪೂ ಆಗಲಿಲ್ಲ. 'ಅನ್‌ಲಾಕ್' ಕೊಟ್ಟರೆ ಸರಿಹೋಗುತ್ತದೆ, ಏನೂ ಹಾಳಾಗಿರಲಿಲ್ಲ. ಆದರೆ ಬೇರೆ ಕಡೆ ಇನ್ನೊಂದು ಪ್ರೂನ್ ಓಡುತ್ತಿಲ್ಲ ಅಂತ ನೋಡಿಕೊಂಡೇ ಕೊಡಿ.

ವಾಪಸ್ ತೆಗೆಯುವುದು ಹೇಗಿದೆ ಅಂತ ಕೇಳುತ್ತೀರಿ ಅಲ್ವಾ? ಕಳೆದ ಸಲ ಒಬ್ಬ ಗಿರಾಕಿ ಬಂದು, ಅಕ್ಕನ ಮದುವೆಗೆ ಮಾಡಿದ ಪತ್ರಿಕೆಯ ಡಿಸೈನೇ ತಂಗಿಗೂ ಬೇಕು ಅಂದರು. ಆ ಫೈಲಿನ ಮೇಲೆಯೇ ಬೇರೆಯವರದ್ದನ್ನು ಬರೆದು ಸೇವ್ ಮಾಡಿಬಿಟ್ಟಿದ್ದರು ನಮ್ಮ ಡಿಟಿಪಿ ಹುಡುಗಿ. ನನಗೆ ಫೋನು: "ಸಾರ್, ಪಾರ್ಟಿ ಇಲ್ಲೇ ಕೂತಿದಾರೆ." ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ 'ಮೌಂಟ್' ಕೊಟ್ಟೆ. ಬ್ಯಾಕಪ್‌ಗಳೆಲ್ಲ ದಿನಾಂಕದ ಹೆಸರಿನ ಮಾಮೂಲಿ ಫೋಲ್ಡರ್‌ಗಳ ಹಾಗೆ ಕಾಣುತ್ತವೆ. ಒಳಗೆ ಹೋದರೆ ಕನ್ನಡದಲ್ಲಿ ಬರೆದ ಫೈಲ್ ಹೆಸರುಗಳು ಒತ್ತಕ್ಷರ ಸಮೇತ ಹಾಗೆಯೇ ಇದ್ದವು. ಆ ತಿಂಗಳಿನ ಫೋಲ್ಡರ್ ತೆರೆದು ಎಳೆದುಕೊಂಡು ಕಳಿಸಿದೆ. ಪಾರ್ಟಿ ಕಾಫಿ ಕುಡಿದು ಮುಗಿಸುವುದರೊಳಗೆ ಸ್ಕ್ರೀನ್ ಮೇಲಿತ್ತಂತೆ. ಈ ಮೌಂಟ್ ಸೌಲಭ್ಯ ವಿಂಡೋಸ್‌ನಲ್ಲಿ ಇಲ್ಲ. ಅಲ್ಲಿ 'ಫೈಂಡ್' ಕೊಟ್ಟು ಹುಡುಕಿ 'ರಿಸ್ಟೋರ್' ಕೊಡಬೇಕು, ಸ್ವಲ್ಪ ಗೋಳು.

ತಿಂಗಳಿಗೊಮ್ಮೆ 'ಚೆಕ್' ಓಡಿಸುತ್ತೇನೆ. ಸುಮ್ಮನೆ ಓಡಿಸಿದರೆ ಪಟ್ಟಿ, ರಚನೆ ಸರಿಯಿದೆಯೇ ಅಂತ ಮಾತ್ರ ನೋಡುತ್ತದೆ. 'ರೀಡ್ ಡೇಟಾ ಸಬ್‌ಸೆಟ್' ಅಂತ ಸೇರಿಸಿ ಶೇಕಡಾ 5 ಅಂದರೆ ಅಷ್ಟು ಭಾಗವನ್ನು ನಿಜಕ್ಕೂ ಓದಿ ಪರೀಕ್ಷಿಸುತ್ತದೆ. ಕ್ಲೌಡ್‌ನಲ್ಲಿ ಇದನ್ನು ಮಾಡುವಾಗ ಡೌನ್‌ಲೋಡ್ ಬಿಲ್ಲಿನ ಕಡೆ ಒಂದು ಕಣ್ಣಿರಲಿ.

ಕರಿ ಪರದೆ ಕಂಡರೆ ಕೈ ನಡುಗುವವರಿಗೆ, ಪಕ್ಕದಲ್ಲಿ ಗೊತ್ತಿರುವವರು ಯಾರೂ ಇಲ್ಲದವರಿಗೆ ನಾನಿದನ್ನು ಹಾಕಿಕೊಳ್ಳಿ ಅನ್ನುವುದಿಲ್ಲ. ಒಂದು ಸರ್ವರ್ರೋ, ಹತ್ತು ಮೆಷಿನ್ನೋ ನೋಡಿಕೊಳ್ಳುವವರು ಒಂದು ಭಾನುವಾರ ಕೂತು ಹಾಕಿ. ಟಾಸ್ಕನ್ನು ಅದರ ಹೊತ್ತಿಗೆ ಅದೇ ಓಡುವವರೆಗೂ ಅಲ್ಲೇ ಇರಿ, ನನ್ನ ಹಾಗೆ ಕೈಯಿಂದ ಓಡಿಸಿ ಮನೆಗೆ ಹೋಗಬೇಡಿ. ಆ ಯುಎಸ್‌ಬಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಓನರ್‌ಗೇ ಕೊಟ್ಟೆ, ಅದರಲ್ಲೀಗ ಹಳೇ ಸಿನಿಮಾ ತುಂಬಿಕೊಂಡಿದ್ದಾರೆ.