ಫ್ರಿಸ್ಕೋದ ಅಪ್ಪ-ಅಮ್ಮಂದಿರೇ, "ಸ್ಟೇಡಿಯಂನಲ್ಲಿ ಮ್ಯಾಚ್" ಅಂದರೆ ಮೊದಲು ಫೀಲ್ಡ್ ನಂಬರ್ ಕೇಳಿ

ಡಲ್ಲಾಸ್ ಸುತ್ತಮುತ್ತ ಇರುವ ಕನ್ನಡದವರು ದಯವಿಟ್ಟು ಇದನ್ನು ಓದಿ. ಮಕ್ಕಳ ಸಾಕರ್ ಟೂರ್ನಮೆಂಟ್ ಅಂತ ವಾಟ್ಸ್ಆಪ್‌ನಲ್ಲಿ ಮತ್ತೆ ಫ್ಲೈಯರ್ ಓಡಾಡುತ್ತಿದೆ. "ನಿಮ್ಮ ಮಗು ಟೊಯೋಟಾ ಸ್ಟೇಡಿಯಂನಲ್ಲಿ ಆಡಲಿ" ಅಂತ ದಪ್ಪಕ್ಷರ, ಕೆಳಗೆ ಝಗಮಗ ಲೈಟಿನ ಗ್ಯಾಲರಿಯ ಫೋಟೋ. ಕಳೆದ ಸಲ ನಮಗೆ ಟೋಪಿ ಹಾಕಿದ್ದು ಈ ಟೂರ್ನಮೆಂಟ್ ನಡೆಸುವ ಇದೇ ಆಸಾಮಿ. ಸ್ಟೇಡಿಯಂನವರದ್ದಾಗಲಿ, ಅಲ್ಲಿ ಆಡುವ ಎಫ್‌ಸಿ ಡಲ್ಲಾಸ್ ಕ್ಲಬ್ಬಿನದ್ದಾಗಲಿ ಇದರಲ್ಲಿ ಏನೂ ತಪ್ಪಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಕಳೆದ ಸಲ ಮಗುವಿಗೆ 95 ಡಾಲರ್. ಅದರ ಮೇಲೆ ನೋಡಲು ಬರುವ ದೊಡ್ಡವರಿಗೆ ತಲೆಗೆ 20 ಡಾಲರ್, "ಸ್ಟೇಡಿಯಂ ಎಂಟ್ರಿ" ಅಂತೆ. ಜಾಸ್ತಿ ಆಯಿತು ಅನ್ನಿಸಿತು. ಆದರೆ 2023ರಲ್ಲಿ ಮೆಸ್ಸಿ ಬಂದು, 4-4 ಆಗಿ, ಕೊನೆಗೆ ಪೆನಾಲ್ಟಿಯಲ್ಲಿ ಗೆದ್ದ ಮೈದಾನ ಅದು, ಆ ಹುಲ್ಲಿನ ಮೇಲೆ ನನ್ನ ಮಗ ಓಡುತ್ತಾನೆ ಅಂದರೆ ಯಾವ ಅಪ್ಪ ಬೇಡ ಅನ್ನುತ್ತಾನೆ ಹೇಳಿ. ಅನುಮಾನ ಪಡಲೂ ಕಾರಣ ಇರಲಿಲ್ಲ. ಅಲ್ಲಿ ಹೈಸ್ಕೂಲ್ ಹುಡುಗರ ಫುಟ್‌ಬಾಲ್ ನಡೆಯುತ್ತದೆ, ಸಂಗೀತ ಕಾರ್ಯಕ್ರಮ ನಡೆಯುತ್ತದೆ, ಊರಿನವರಿಗೆ ಬಾಗಿಲು ಹಾಕಿದ ಜಾಗವೇನಲ್ಲ. ಝೆಲ್‌ನಲ್ಲಿ, ಅಂದರೆ ಬ್ಯಾಂಕ್ ಖಾತೆಯಿಂದ ಖಾತೆಗೆ ನೇರವಾಗಿ, ದುಡ್ಡು ಕಳಿಸಿದೆ. ರಸೀದಿ ಕೇಳಿದ್ದಕ್ಕೆ ಒಂದು ಹೆಬ್ಬೆರಳು ಬಂತು.

ಹಾಸನದಿಂದ ಬಂದಿದ್ದ ನಮ್ಮ ಮಾವನವರೂ ಇಸ್ತ್ರಿ ಶರ್ಟ್ ಹಾಕಿಕೊಂಡು ಹೊರಟರು. ವರ್ಲ್ಡ್ ಕಪ್ ವೇ ರಸ್ತೆ, ವಿಳಾಸ ಸರಿ, ಎದುರಿಗೇ ಸ್ಟೇಡಿಯಂ. ಗೇಟ್ ಮಾತ್ರ ಮುಚ್ಚಿದೆ. ಸೆಕ್ಯುರಿಟಿಯಾಕೆ ನನ್ನ ಫೋನಿನಲ್ಲಿದ್ದ ಫ್ಲೈಯರ್ ನೋಡಿದರು, ನನ್ನ ಮುಖ ನೋಡಿದರು, ಏನೂ ಹೇಳದೆ ಕೈ ಎತ್ತಿ ಆಚೆ ತೋರಿಸಿದರು. ಆಚೆ ಅಂದರೆ ಹೊರಗಿನ ಮೈದಾನಗಳು! ಆ ಜಾಗ ನೋಡಿದವರಿಗೆ ಗೊತ್ತು, ಸ್ಟೇಡಿಯಂ ಪಕ್ಕ 17 ಸಾಕರ್ ಮೈದಾನಗಳಿವೆ, ನಾವೇ ಎಷ್ಟೋ ಶನಿವಾರ ಬೇಲಿ ಪಕ್ಕ ಪುಕ್ಕಟೆ ನಿಂತು ಆಟ ನೋಡಿದ್ದೇವೆ. ಅದರಲ್ಲಿ ಒಂದರ ಅರ್ಧಕ್ಕೆ ಕಿತ್ತಳೆ ಬಣ್ಣದ ಕೋನ್ ಇಟ್ಟಿದ್ದರು. ಅದೇ ನಮ್ಮ ಸ್ಟೇಡಿಯಂ. ಗ್ಯಾಲರಿ ಇಲ್ಲ, ಕುರ್ಚಿ ಇಲ್ಲ, ನೆರಳಿಲ್ಲ. 20 ಡಾಲರ್ ತೆತ್ತ ಮಾವನವರು ಬೇಲಿ ಹಿಡಿದು ನಿಂತರು. ಯಾರೋ ಪುಣ್ಯಾತ್ಗಿತ್ತಿ ತಮ್ಮ ಮಡಚುವ ಕುರ್ಚಿ ಬಿಟ್ಟುಕೊಟ್ಟರು. ಮಗ ಮಾತ್ರ "ಅಪ್ಪಾ, ಒಳಗೆ ಯಾವಾಗ?" ಅಂತ ಕೇಳುತ್ತಲೇ ಇದ್ದ. ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದ.

ಈಗ ಆಸಾಮಿಯ ಉತ್ತರ ಕೇಳಿ. "ಒಳಗೆ ರಿನೊವೇಷನ್ ನಡೀತಿದೆಯಲ್ಲ ಸರ್." ನಡೆಯುತ್ತಿರುವುದು ನಿಜ, 182 ಮಿಲಿಯನ್ ಡಾಲರಿನ ಕೆಲಸ, 2028ರವರೆಗೆ ಹಂತ ಹಂತವಾಗಿ ಆಗುತ್ತದೆ ಅಂತ ಊರಿಗೆಲ್ಲ ಗೊತ್ತು. ದುಡ್ಡು ಇಸಿದುಕೊಳ್ಳುವಾಗ ಇವನಿಗೊಬ್ಬನಿಗೆ ಗೊತ್ತಿರಲಿಲ್ಲವಾ? ಹಾಗಂದ ತಕ್ಷಣ ಮಾತು ಬದಲು. "ಸ್ಟೇಡಿಯಂ ಅಡ್ರೆಸ್ ಹಾಕಿದ್ವಿ ಸರ್, ಗೇಟ್ ಒಳಗೆ ಅಂತ ಎಲ್ಲಿ ಬರೆದಿದ್ದೀವಿ?" ಮತ್ತೆ ಫೋಟೋ? "ಅದು ಸುಮ್ನೆ ಡಿಸೈನಿಗೆ." ದೊಡ್ಡವರ 20 ಡಾಲರ್? "ನೀರು, ಮೆಡಲ್ ಖರ್ಚು ಇರುತ್ತಲ್ಲ ಸರ್." ದೊಡ್ಡವರಿಗೆ ಯಾವ ಮೆಡಲ್ ಮಾರಾಯ! ಕೊನೆಗೆ, "ಮಕ್ಕಳು ಎಂಜಾಯ್ ಮಾಡಿದ್ರು ಅಲ್ವಾ, ನೀವ್ಯಾಕೆ ಇಷ್ಟು ನೆಗೆಟಿವ್?" ಮಾತಿಗೊಂದು ಸರ್, ಎಲ್ಲ ಅಚ್ಚ ಕನ್ನಡದವರ ನಯ. ಅದೇ ಹೊಟ್ಟೆ ಉರಿ. ಬೇರೆ ಯಾರಾದರೂ ಆಗಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಒಳಗಾ, ಹೊರಗಾ, ಎಷ್ಟನೇ ನಂಬರ್ ಫೀಲ್ಡ್, ಬರೆದು ಕೊಡಲಿ. ಸ್ಟೇಡಿಯಂಗೇ ಒಂದು ಫೋನ್ ಮಾಡಿ ಆ ದಿನ ಒಳಗೆ ಏನಿದೆ ಅಂತ ಕೇಳಿ. ಝೆಲ್ ಅಂತೂ ಬೇಡವೇ ಬೇಡ, ಕಾರ್ಡ್ ಆದರೆ ಬ್ಯಾಂಕಿಗಾದರೂ ದೂರು ಕೊಡಬಹುದು. ನನಗೆ ಇವತ್ತಿನವರೆಗೂ ಒಂದು ಕಾಸು ವಾಪಸ್ ಬಂದಿಲ್ಲ.

ಇದನ್ನೇ ವಾಟ್ಸ್ಆಪ್ ಗ್ರೂಪಿನಲ್ಲಿ ಹಾಕಿದ್ದೆ. ಅಡ್ಮಿನ್ ನನ್ನನ್ನು ತೆಗೆದುಹಾಕಿದ. ಅಡ್ಮಿನ್ ಯಾರು ಅಂತ ಬೇರೆ ಹೇಳಬೇಕಾ?