ಸಂಬಳವಿಲ್ಲದ ಒಂದು ವರ್ಷ, ಐವರ ಒಂದು ಮನೆ: ಎರಡೂವರೆ ವರ್ಷದ ಮೇಲೆ ಬರೆದ ವಿಮರ್ಶೆ

ಐದಕ್ಕೆ ಮೂರೂವರೆ ನಕ್ಷತ್ರ. ಕ್ರೈಸ್ತ ಹುಡುಗಿಯರು ಒಂದೇ ಮನೆಯಲ್ಲಿದ್ದು ಒಂದು ವರ್ಷ ಸಂಬಳವಿಲ್ಲದೆ ಸೇವೆ ಮಾಡುವ ಕಾರ್ಯಕ್ರಮ ಇದು, ಹೆಸರು ಹಾಕುವುದಿಲ್ಲ. ನಡೆಸುವವರು ಒಳ್ಳೆಯವರೇ, ನನ್ನ ತಕರಾರು ವ್ಯವಸ್ಥೆಯ ಬಗ್ಗೆ. ಡಿಗ್ರಿ ಮುಗಿಸಿ "ಅಕ್ಕಾ, ಒಂದು ವರ್ಷ ಸೇವೆಗೆ ಹೋಗ್ಲಾ?" ಎಂದು ಕೇಳುವ ಹುಡುಗಿಯರು ಪ್ರತಿ ಏಪ್ರಿಲ್‌ನಲ್ಲಿ ಚರ್ಚ್ ಅಂಗಳದಲ್ಲಿ ಸಿಗುತ್ತಾರೆ. ಪ್ರತಿ ಸಲ ಬಾಯಲ್ಲಿ ಹೇಳಿ ಸಾಕಾಗಿದೆ.

ನಾನು ಭದ್ರಾವತಿಯವಳು, ಓದಿದ್ದು ಬಿಕಾಂ. 2022ರ ಜೂನ್‌ನಿಂದ 2023ರ ಮೇ ಮುಗಿಯುವ ತನಕ ಸಾಗರದ ಹೊರಗಿನ ಒಂದು ಹೆಂಚಿನ ಮನೆಯಲ್ಲಿದ್ದೆ. ಬಾಡಿಗೆ, ಅಕ್ಕಿ, ಗ್ಯಾಸು ಅವರದು, ಕೈಖರ್ಚಿಗೆ ತಿಂಗಳಿಗೆ 1,500 ರೂಪಾಯಿ. ಅಮ್ಮನಿಗೆ ಹೇಳಿದಾಗ ಬಂದದ್ದು ಒಂದೇ ಪ್ರಶ್ನೆ: "ಸಂಬ್ಳ ಇಲ್ದೆ ಯಾರಾದ್ರೂ ಕೆಲ್ಸಕ್ಕೆ ಹೋಗ್ತಾರೇನೇ?"

ಹೋಗುತ್ತಾರೆ. ಅಮೆರಿಕದ ಬ್ರೆದರನ್ ಎಂಬ ಕ್ರೈಸ್ತ ಸಭೆಯವರು 1948ರಲ್ಲೇ ಇಂಥದ್ದನ್ನು ಶುರುಮಾಡಿದ್ದರು. ಜೆಸ್ವಿಟ್ ವಾಲಂಟಿಯರ್ ಕೋರ್ ಎಂಬ ಕ್ಯಾಥೊಲಿಕ್ ಸ್ವಯಂಸೇವಾ ಸಂಸ್ಥೆ 1956ರಲ್ಲಿ ಅಲಾಸ್ಕದಲ್ಲಿ ಹುಟ್ಟಿತು. ಸಹಬಾಳ್ವೆ, ಸರಳ ಜೀವನ, ಸಾಮಾಜಿಕ ನ್ಯಾಯ, ಅಧ್ಯಾತ್ಮ ಎಂಬ ನಾಲ್ಕು ಕಂಬಗಳು ಅವರವು. ನಮ್ಮ ಮನೆಯ ಗೋಡೆಗೂ ಅವೇ ನಾಲ್ಕು ಪದಗಳನ್ನು ಅಂಟಿಸಿದ್ದರು. ಮಳೆಗಾಲದ ಥಂಡಿಗೆ ಆಗಸ್ಟ್ ಹೊತ್ತಿಗೆ 'ಸರಳ ಜೀವನ' ಬೂಷ್ಟು ಹಿಡಿದು ಉದುರಿತು, ಮತ್ತೆ ಯಾರೂ ಅಂಟಿಸಲಿಲ್ಲ.

ಮೊದಲು ಮನೆಯ ವಿಷಯ ಹೇಳಬೇಕು. ಕರಪತ್ರದಲ್ಲಿ ದೊಡ್ಡಕ್ಷರದಲ್ಲಿರುವುದು ಸೇವೆ, ಆದರೆ ನನಗೆ ದಕ್ಕಿದ್ದು ಮನೆ. ಐದು ಜನ ಹುಡುಗಿಯರು: ಬೀದರಿನ ಮೆಥೊಡಿಸ್ಟ್, ಗದಗಿನ ಸಿಎಸ್‌ಐ (ಇಬ್ಬರೂ ಪ್ರಾಟೆಸ್ಟೆಂಟ್), ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕ್, ಮಡಿಕೇರಿಯವಳೊಬ್ಬಳು, ನಾನು. ಮೊದಲ ಜಗಳ ದೇವರದ್ದಲ್ಲ, ಅಕ್ಕಿಯದ್ದು. ಒಬ್ಬಳಿಗೆ ಕುಚಲಕ್ಕಿಯೇ ಆಗಬೇಕು, ಇನ್ನೊಬ್ಬಳಿಗೆ ರೊಟ್ಟಿ ಇಲ್ಲದಿದ್ದರೆ ಊಟವೇ ಅಲ್ಲ. ಬೀದರಿನವಳು ಬೆಳಿಗ್ಗೆ ಐದೂವರೆಗೆ ಜೋಳದ ರೊಟ್ಟಿ ಬಡಿಯಲು ಕೂತರೆ ಪಕ್ಕದ ಮನೆಯ ನಾಯಿಯೂ ಎದ್ದು ಬೊಗಳುತ್ತಿತ್ತು.

ದೇವರ ಜಗಳ ಅಕ್ಟೋಬರ್‌ನಲ್ಲಿ ಬಂತು. ಕ್ಯಾಥೊಲಿಕ್ಕರಿಗೆ ಅದು ಜಪಸರದ ತಿಂಗಳು, ಅಂದರೆ ಯೇಸುವಿನ ತಾಯಿ ಮರಿಯಮ್ಮನನ್ನು ನೆನೆದು ಮಣಿ ಎಣಿಸುವ ಪ್ರಾರ್ಥನೆಯದು. ಮಂಗಳೂರಿನವಳಿಗೂ ನನಗೂ ಸಂಜೆ ಜಪಸರ ಬೇಕು, ಗದಗಿನವಳಿಗೆ ಮರಿಯಮ್ಮನ ಪ್ರಾರ್ಥನೆ ಬಾಯಿಗೆ ಬರದು. ಮೂರು ದಿನ ಅಡುಗೆಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ನಾಲ್ಕನೇ ದಿನ ಅವಳೇ ಬಂದು, "ನೀವು ಜಪಸರ ಮಾಡ್ರಿ, ನಾ ಅಲ್ಲೇ ಕುಂತು ಬೈಬಲ್ ಕೀರ್ತನೆ ಓದ್ತೀನಿ" ಅಂದಳು. ವರ್ಷವಿಡೀ ಅದೇ ನಡೆಯಿತು. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಸಂಜೆ ಏಳರ ಮೇಲೆ ಮಳೆಯಲ್ಲಿ ಹೋಗಲು ಬೇರೆ ಜಾಗ ಇರಲಿಲ್ಲ, ಅಷ್ಟೆ.

ಐವರ ಕೈಖರ್ಚಿನಿಂದ ತಲಾ 500 ರೂಪಾಯಿ ಒಂದು ಹಾರ್ಲಿಕ್ಸ್ ಡಬ್ಬಿಗೆ ಬೀಳುತ್ತಿತ್ತು. ಯಾರಿಗೆ ಅಗತ್ಯವೋ ಅವರು ತೆಗೆದುಕೊಂಡು ಪುಸ್ತಕದಲ್ಲಿ ಬರೆಯಬೇಕು, ಯಾಕೆಂದು ಕೇಳುವ ಹಾಗಿಲ್ಲ. ಬಿಕಾಂ ಓದಿದವಳಿಗೆ ಇದು ಎಂಥ ಹಿಂಸೆ! ಮಡಿಕೇರಿಯವಳು 'ಇತರೆ' ಎಂದು ಬರೆದ 220 ರೂಪಾಯಿ ಎರಡು ವಾರ ನನ್ನ ನಿದ್ದೆ ಕೆಡಿಸಿತ್ತು.

ಇನ್ನು ಸೇವೆ. ಒಂದು ನಕ್ಷತ್ರ ಕಳೆದದ್ದು ಇಲ್ಲೇ. ವಾರಕ್ಕೆರಡು ದಿನ ಅಂಬಾರಗೋಡ್ಲಿನಿಂದ ಲಾಂಚ್ ಹತ್ತಿ ಶರಾವತಿ ಹಿನ್ನೀರು ದಾಟಿ ಮಕ್ಕಳಿಗೆ ಟ್ಯೂಷನ್ ಮಾಡುತ್ತಿದ್ದೆವು. ಆ ಹಿನ್ನೀರಿನ ಮೇಲೆ ಸಿಗಂದೂರು ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈಯಲ್ಲಿ. ನಮ್ಮ ಕಾಲದಲ್ಲಿ ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ಆಚೆ ದಡದಲ್ಲೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ನಾಡಿಗೆಲ್ಲ ಕರೆಂಟು ಕೊಟ್ಟ ನೀರಿನ ದಂಡೆಯಲ್ಲಿ, ಕರೆಂಟು ಹೋದ ಸಂಜೆಗಳಲ್ಲಿ ಮೊಬೈಲ್ ಟಾರ್ಚ್ ಹಿಡಿದು ಭಿನ್ನರಾಶಿ ಹೇಳಿಕೊಟ್ಟಿದ್ದೇನೆ. ಮಕ್ಕಳು ಕಲಿತರೇ? ಸ್ವಲ್ಪ. ಆದರೆ ಮೊದಲ ದಿನವೇ ಒಬ್ಬ ಹುಡುಗ ಕೇಳಿದ ಪ್ರಶ್ನೆ ಇನ್ನೂ ಚುಚ್ಚುತ್ತದೆ: "ನೀವು ಈ ವರ್ಷದ ಮಿಸ್ಸಾ?" ಪ್ರತಿ ಜೂನ್‌ಗೆ ಹೊಸ ಮುಖ ಬಂದು, ಹೆಸರು ಕಲಿತು, ಮೇಯಲ್ಲಿ ಅತ್ತು ಹೋಗುತ್ತದೆಂದು ಅವನಿಗೆ ಗೊತ್ತಿತ್ತು. ಅದೇ ದುಡ್ಡಲ್ಲಿ ಊರಿನದೇ ಒಬ್ಬ ಹುಡುಗಿಗೆ ಸಂಬಳ ಕೊಟ್ಟು ಇಟ್ಟುಕೊಳ್ಳಬಹುದಲ್ಲ ಎಂದು ಸಭೆಯಲ್ಲಿ ಕೇಳಿದೆ. ನಡೆಸುವವರು ನಕ್ಕು, "ಒಳ್ಳೆ ಸಲಹೆ" ಅಂದರು.

ನಿಜಕ್ಕೂ ಉಪಯೋಗಕ್ಕೆ ಬಂದದ್ದು ಡಿಸೆಂಬರ್ ನಂತರದ ಕೆಲಸ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ನಮ್ಮ ಕಡೆಯವರಿಗೆ ಹೊಸದಲ್ಲ. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಆದ ಸಾವುಗಳನ್ನು ಜನ ಇನ್ನೂ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಆಶಾ ಕಾರ್ಯಕರ್ತೆ ಅಕ್ಕನ ಹಿಂದೆ ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆಯ ಚೀಲ ಹೊತ್ತು ಮನೆ ಮನೆ ತಿರುಗಿದೆವು. ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುವ ಮುಂಚೆ ಕೈಕಾಲಿಗೆ ಹಚ್ಚಿಕೊಳ್ಳಿ, ಬಂದ ಮೇಲೆ ಬಿಸಿನೀರಲ್ಲಿ ಮಿಂದು ಬಟ್ಟೆ ಒಗೆಯಿರಿ, ಮಂಗ ಸತ್ತದ್ದು ಕಂಡರೆ ತಿಳಿಸಿ. ಇಷ್ಟೇ ಮಾತು. ಉಣುಗು ಎಲ್ಲಿ ಹೆಚ್ಚು, ಯಾವ ಮನೆಯಲ್ಲಿ ಯಾರು ಮಾತು ಕೇಳುವುದಿಲ್ಲ, ಎಲ್ಲ ಅಕ್ಕನಿಗೆ ಗೊತ್ತು. ನಾವು ಚೀಲ ಹೊತ್ತೆವು. ಅಷ್ಟು ಸಾಕಿತ್ತು.

ಉಳಿದ ಅರ್ಧ ನಕ್ಷತ್ರ ಆಸ್ಪತ್ರೆ ಬಿಲ್ಲಿನದು. ಗದಗಿನವಳಿಗೆ ಡೆಂಗಿ ಬಂತು. "ಆರೋಗ್ಯದ ಖರ್ಚು ನಮ್ಮದು" ಎಂದು ಬಾಯಲ್ಲಿ ಹೇಳಿದ್ದರು, ಕಾಗದದಲ್ಲಿ ಇರಲಿಲ್ಲ. ಅವರಪ್ಪ ಸಾಲ ಮಾಡಿ ಕಟ್ಟಿದರು, ದುಡ್ಡು ವಾಪಸ್ ಬರಲು ನಾಲ್ಕು ತಿಂಗಳು ಹಿಡಿಯಿತು. ಹೋಗುವವರು ವಿಮೆಯ ಕಾರ್ಡನ್ನು ಕೈಗೆ ತೆಗೆದುಕೊಂಡ ಮೇಲೇ ಸಹಿ ಹಾಕಿ. ಸಂಕೋಚ ಬೇಡ, ದೇವರ ಕೆಲಸಕ್ಕೂ ರಸೀದಿ ಇರಲಿ.

ಇನ್ನೊಂದು ಮಾತು, ಕೆಲವರಿಗೆ ಹಿಡಿಸಲಿಕ್ಕಿಲ್ಲ. ಮನೆಗೆ ನಿಮ್ಮ ಸಂಬಳ ಬೇಕಾಗಿದ್ದರೆ ಹೋಗಬೇಡಿ. ಅಪ್ಪನ ಪಿಂಚಣಿ ಇದ್ದದ್ದಕ್ಕೆ ನಾನು ಹೋಗಲು ಆಯಿತು. ನನಗಿಂತ ಭಕ್ತಿ ಹೆಚ್ಚಿದ್ದ ಗೆಳತಿಯೊಬ್ಬಳು ತಮ್ಮನ ಫೀಸು ಕಟ್ಟಲು ಶಿವಮೊಗ್ಗದ ಬಟ್ಟೆ ಅಂಗಡಿಗೆ ಸೇರಿದಳು. ಅವಳದು ಸೇವೆಯಲ್ಲ, ನನ್ನದು ಸೇವೆ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಪ್ರಮಾಣಪತ್ರ ನೋಡಿ ಕೆಲಸ ಸಿಗುತ್ತದೆಂಬ ಆಸೆಯೂ ಬೇಡ. ನನ್ನ ಸಂದರ್ಶನದಲ್ಲಿ ಅದನ್ನು 'ಗ್ಯಾಪ್' ಎಂದು ಗುರುತು ಹಾಕಿಕೊಂಡರು.

ಅಮೆರಿಕದಲ್ಲಿ ಇಂಥ ವರ್ಷ ಮುಗಿಸಿದ ಜೆಸ್ವಿಟ್ ಸ್ವಯಂಸೇವಕರು ತಮ್ಮನ್ನು 'ಬದುಕಿಡೀ ಕೆಟ್ಟುಹೋದವರು', ಅಂದರೆ ಹಳೇ ಬದುಕಿಗೆ ಮರಳಲಾಗದವರು, ಎಂದು ತಮಾಷೆಗೆ ಕರೆದುಕೊಳ್ಳುತ್ತಾರೆ. ನಾನು ಅಷ್ಟೇನೂ ಕೆಟ್ಟಿಲ್ಲ. ಈಗ ಶಿವಮೊಗ್ಗದಲ್ಲಿ ಅಕೌಂಟೆಂಟ್, ಇಎಂಐ ಇದೆ, ಜೋಳದ ರೊಟ್ಟಿ ಬಡಿಯಲು ಬರುತ್ತದೆ. ಹಾರ್ಲಿಕ್ಸ್ ಡಬ್ಬಿ ಹೋಗಿ ಯುಪಿಐ ಬಂದಿದೆ. ಐವರೂ ತಿಂಗಳಿಗೆ ತಲಾ 500 ಇಂದಿಗೂ ಹಾಕುತ್ತೇವೆ, ಯಾಕೆಂದು ಇಂದಿಗೂ ಯಾರೂ ಕೇಳುವ ಹಾಗಿಲ್ಲ. ಹೋದ ತಿಂಗಳು ಬೀದರಿನವಳು ಅಮ್ಮನ ಕಣ್ಣಿನ ಆಪರೇಷನ್‌ಗೆ ತೆಗೆದಳು. ಮಡಿಕೇರಿಯವಳು ಮೊನ್ನೆ ಮತ್ತೆ 'ಇತರೆ' ಎಂದು ಬರೆದಿದ್ದಾಳೆ, 900 ರೂಪಾಯಿ. ಈ ತಿಂಗಳ ಲೆಕ್ಕ ನನ್ನ ಸರದಿ.